ನಯವೂ ದುರ್ನಯವೂ: ರಾಜಕೀಯ ಅಭಿಪ್ರಾಯಭೇದದ ನಡುವೆ ಶ್ರಾವಕ

ಚುನಾವಣೆಯ ಕಾಲ ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಬೆಳಿಗ್ಗೆ ಬಸದಿಯಲ್ಲಿ ಒಂದೇ ಪಾತ್ರೆಯ ಗಂಧೋದಕವನ್ನು ಶಿರದಲ್ಲಿ ಧರಿಸಿದ ಅಣ್ಣತಮ್ಮಂದಿರು ಸಂಜೆಯ ಹೊತ್ತಿಗೆ ಪರಸ್ಪರ ಮುಖ ನೋಡದಷ್ಟು ದೂರವಾಗಿರುತ್ತಾರೆ. ಇದು ಆಸ್ತಿಯ ಪಾಲಿನ ಜಗಳವಲ್ಲ, ಮಗಳ ಮದುವೆಯ ಮಾತೂ ಅಲ್ಲ. ಒಬ್ಬನು ಮೆಚ್ಚಿದ ಪಕ್ಷವನ್ನು ಇನ್ನೊಬ್ಬನು ಮೆಚ್ಚಲಿಲ್ಲ, ಅಷ್ಟೆ. ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ ನಾವು, ಒಡಹುಟ್ಟಿದವನ ಮನಸ್ಸನ್ನು ತುಳಿಯುವಾಗ ಎಲ್ಲಿ ನೋಡುತ್ತಿರುತ್ತೇವೆ?

ಇಂತಹ ಸಂದರ್ಭದಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ನಾವು ಅನೇಕಾಂತವಾದಿಗಳು, ಎಲ್ಲರದ್ದೂ ಸರಿ, ಸುಮ್ಮನಿರಿ" ಎಂದು ಸಮಾಧಾನ ಹೇಳುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಅನೇಕಾಂತವನ್ನು ಹೀಗೆ ಜಗಳದ ಬಾಯಿಗೆ ಹಾಕುವ ಬೆಲ್ಲದ ತುಂಡನ್ನಾಗಿ ಮಾಡಿಕೊಂಡುದರಿಂದಲೇ ಅದು ನಮ್ಮ ಬದುಕಿನಲ್ಲಿ ಕೆಲಸಕ್ಕೆ ಬಾರದಂತಾಗಿದೆ ಎಂದು ನನ್ನ ನಮ್ರ ಅಭಿಪ್ರಾಯ. 'ಎಲ್ಲರದ್ದೂ ಸರಿ' ಎಂಬುದು ಅನೇಕಾಂತವಲ್ಲ; ವಿಚಾರ ಮಾಡುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯ. ಸ್ಯಾದ್ವಾದದ 'ಸ್ಯಾತ್' ಎಂಬ ಪದಕ್ಕೆ 'ಇರಬಹುದೇನೋ' ಎಂಬ ಸಂಶಯದ ಅರ್ಥವಿಲ್ಲವೆಂದು ನಮ್ಮ ಆಚಾರ್ಯರು ಮತ್ತೆ ಮತ್ತೆ ಹೇಳಿದ್ದಾರೆ. ಅದು 'ಕಥಂಚಿತ್', ಅಂದರೆ 'ಒಂದು ನಿರ್ದಿಷ್ಟ ಅಪೇಕ್ಷೆಯಿಂದ' ಎಂಬುದರ ಸೂಚಕ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಗುರುತಿಸಿ ಆಡಿದ ಮಾತು ಆ ಮೇರೆಯೊಳಗೆ ಖಚಿತವಾದದ್ದೇ. ಆದುದರಿಂದಲೇ 'ಸ್ಯಾದಸ್ತ್ಯೇವ' ಎನ್ನುವಾಗ ಕೊನೆಯಲ್ಲಿ 'ಏವ'ಕಾರವೂ ಬರುತ್ತದೆ. 'ಇಂತಹ ನೆಲೆಯಿಂದ ನೋಡಿದಾಗ ಇದು ಹೀಗೆಯೇ' ಎಂಬ ದೃಢತೆ ಅಲ್ಲಿದೆ. ದೃಢವಾದ ರಾಜಕೀಯ ಅಭಿಪ್ರಾಯವನ್ನು ಹೊಂದಿರುವುದಕ್ಕೆ ಶ್ರಾವಕನಿಗೆ ಯಾವ ಅಡ್ಡಿಯೂ ಇಲ್ಲ. ತಾನು ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದನ್ನು ಮರೆಯುವುದಕ್ಕೆ ಮಾತ್ರ ಅಡ್ಡಿಯಿದೆ.

ಕುರುಡರೂ ಆನೆಯೂ ಎಂಬ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಹೇಳುವಾಗ ಒಂದು ಸಣ್ಣ ಮೋಸ ನಡೆದುಹೋಗುತ್ತದೆ. ಕಥೆ ಹೇಳುವವನು ಯಾವಾಗಲೂ ಪೂರ್ತಿ ಆನೆಯನ್ನು ಕಂಡ ಕಣ್ಣುಳ್ಳವನ ಜಾಗದಲ್ಲಿ ನಿಂತಿರುತ್ತಾನೆ. ಕುರುಡರು ಬೇರೆಯವರು, ಸಾಮಾನ್ಯವಾಗಿ ಎದುರು ಪಕ್ಷದವರು! ವಸ್ತುವಿನ ಸಮಗ್ರ ದರ್ಶನ ಕೇವಲಜ್ಞಾನಿಗೆ ಮಾತ್ರ ಸಾಧ್ಯವೆಂದು ನಂಬಿರುವ ನಾವು ಆ ಕಥೆಯಲ್ಲಿ ಕುರುಡರ ಸಾಲಿನಲ್ಲಿ ಕುಳಿತುಕೊಳ್ಳಬೇಕಾದವರು. ಕಾಲನ್ನು ಮುಟ್ಟಿದವನು 'ಕಂಬದಂತಿದೆ' ಎಂದದ್ದು ಸುಳ್ಳಲ್ಲ, ಅದು ನಯ. 'ಕಂಬದಂತೆ ಮಾತ್ರವೇ ಇದೆ, ಗೋಡೆಯಂತಿದೆ ಎಂದವನು ಸುಳ್ಳುಗಾರ' ಎಂದಾಗ ಅದೇ ಮಾತು ದುರ್ನಯವಾಯಿತು. ನಯಗಳು ಒಂದನ್ನೊಂದು ಅಪೇಕ್ಷಿಸಿದಾಗ ಸತ್ಯವನ್ನು ಮುಟ್ಟುತ್ತವೆ, ಉಪೇಕ್ಷಿಸಿದಾಗ ಮಿಥ್ಯೆಯಾಗುತ್ತವೆ ಎಂಬ ಅರ್ಥದ ವಿಚಾರ ಸಮಂತಭದ್ರರ ಆಪ್ತಮೀಮಾಂಸೆಯಲ್ಲಿದೆ; ಸಿದ್ಧಸೇನರ ಸನ್ಮತಿತರ್ಕದಲ್ಲಿಯೂ ಇದೇ ದಿಕ್ಕಿನ ಚಿಂತನೆಯಿದೆ. ಅವರು ತತ್ತ್ವದ ಪ್ರಶ್ನೆಗಳನ್ನು ಕುರಿತು ಬರೆದರು. ನಾನು ಅದನ್ನು ಗೇಣಿಯ ಪ್ರಶ್ನೆಯಲ್ಲಿ ಕಲಿಯಬೇಕಾಯಿತು.

ತುಳುನಾಡಿನ ನಮ್ಮ ಕುಟುಂಬಗಳಿಗೆ ಈ ಪ್ರಸ್ತಾಪ ಇಂದಿಗೂ ಅಷ್ಟು ಹಿತವಲ್ಲವೆಂದು ಬಲ್ಲೆ. ಕಿರಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. 1961ರ ಭೂಸುಧಾರಣಾ ಕಾನೂನಿಗೆ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ದೊಡ್ಡ ತಿದ್ದುಪಡಿಯಾಗಿ, ಅದು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಆ ದಿನದಿಂದ ಸರಕಾರಕ್ಕೆ ಸೇರಿ, ಸಾಗುವಳಿ ಮಾಡುತ್ತಿದ್ದ ಒಕ್ಕಲು ಅರ್ಜಿ ಹಾಕಿ ತಾಲೂಕಿನ ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸಾಬೀತುಪಡಿಸಿದರೆ ಅವನಿಗೇ ಅದು ಸಲ್ಲುತ್ತಿತ್ತು. ನಮ್ಮಲ್ಲಿ ಇದಕ್ಕೆ 'ಡಿಕ್ಲರೇಷನ್ ಹಾಕುವುದು' ಎಂದೇ ಹೆಸರಾಯಿತು. ಇಂದಿನ ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭೂಮಿಯ ಬಹುಭಾಗ ಗೇಣಿಯಲ್ಲಿಯೇ ಇದ್ದುದರಿಂದ ಅಲ್ಲಿ ಈ ಕಾನೂನಿನ ಪರಿಣಾಮ ಬಹಳ ಆಳವಾಗಿತ್ತು. ತಲೆಮಾರುಗಳಿಂದ ಅಂಗಳದ ಹೊರಗೆ ನಿಂತು ಮಾತಾಡಿದವರು ಗದ್ದೆಯ ಒಡೆಯರಾದರು. ಮುಡಿಮುಡಿಯಾಗಿ ಅಕ್ಕಿ ಬಂದು ಬೀಳುತ್ತಿದ್ದ ಬೀಡುಗಳ ಚಾವಡಿ ಬರಿದಾಯಿತು. ಅನೇಕ ಬಸದಿಗಳ ಉಂಬಳಿ ಗದ್ದೆಗಳೂ ಹೋದವು.

ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ನನಗೆ ಮಂತ್ರದಂತೆ ಕೇಳುತ್ತಿತ್ತು. ನಮ್ಮದು ಅಳಿಯಕಟ್ಟಿನ ಕುಟುಂಬ, ಸೋದರಮಾವನೇ ಯಜಮಾನ. ಕಾನೂನು ಬಂದು ಒಂದೂವರೆ ತಿಂಗಳಿಗೆ ಬಿಸು ಹಬ್ಬ. ವಾಡಿಕೆಯಂತೆ ಒಕ್ಕಲುಗಳು ತಾವು ಬೆಳೆದ ಸೌತೆ, ಕುಂಬಳ, ಬಾಳೆಗೊನೆಗಳ ಬುಳೆಕಾಣಿಕೆಯನ್ನು ತಂದು ಚಾವಡಿಯ ಮುಂದೆ ಇಟ್ಟರು. ಅವರೆಲ್ಲರ ಎದುರಿನಲ್ಲಿ ನಾನು, "ಮಾವ, ಮುಂದಿನ ವರ್ಷದಿಂದ ನೀವು ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ಇಡಬೇಕಾಗುತ್ತದೆ. ಬೆವರು ಅವರದ್ದು, ಊಟ ನಿಮ್ಮದು ಎಂಬ ಲೆಕ್ಕ ಮುಗಿಯಿತು" ಎಂದುಬಿಟ್ಟೆ. ನನ್ನ ಕಾಲೇಜಿನ ಶುಲ್ಕವೂ ಆ ಗೇಣಿಯ ಅಕ್ಕಿಯಿಂದಲೇ ಬರುತ್ತಿತ್ತೆಂಬುದು ಆ ಕ್ಷಣದಲ್ಲಿ ನೆನಪಾಗಲಿಲ್ಲ. ಮಾವ ಏನೂ ಹೇಳದೆ ಎದ್ದು ಒಳಗೆ ಹೋದರು. ಕಾಣಿಕೆ ತಂದವರು ತಲೆ ತಗ್ಗಿಸಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬನಾದರೂ ನನ್ನ ಮಾತಿಗೆ ಸಂತೋಷಪಟ್ಟಂತೆ ಕಾಣಲಿಲ್ಲ.

ಒಂಬತ್ತು ವರ್ಷ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ತಾಯಿಗೆ ಅದು ಹುಟ್ಟಿದ ಮನೆ, ತನ್ನದೇ ಮನೆ. ಅವರು ಹೋಗಿ ಬರುತ್ತಿದ್ದರು, ನನ್ನ ಹೆಸರನ್ನು ಮಾತ್ರ ಅಲ್ಲಿ ಎತ್ತುತ್ತಿರಲಿಲ್ಲವಂತೆ. ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಗೆ ನಾನು ಹತ್ತಾರು ಮಂದಿಗೆ ಅಚ್ಚು ಹಾಕಿಸಿದ ಕಾರ್ಡು ಕಳುಹಿಸುತ್ತಿದ್ದೆ. ಯಾರಿಗೆ ಏನು ತಪ್ಪು ಮಾಡಿದ್ದೆನೋ ನೆನಪಿಲ್ಲದವರಿಗೆಲ್ಲ ಕ್ಷಮೆ ಕೇಳುತ್ತಿದ್ದೆ. ತಪ್ಪು ಮಾಡಿದ್ದು ಚೆನ್ನಾಗಿ ನೆನಪಿದ್ದ ಒಬ್ಬರಿಗೆ ಕಾರ್ಡು ಹೋಗುತ್ತಿರಲಿಲ್ಲ. ಏಕೆಂದರೆ ನನ್ನ ದೃಷ್ಟಿಯಲ್ಲಿ ಅದು ತಪ್ಪಾಗಿರಲಿಲ್ಲ, ಅದು 'ತತ್ತ್ವ'ವಾಗಿತ್ತು. ರಾಜಕೀಯದ ಸಿಟ್ಟಿಗೆ ಈ ಒಂದು ವಿಶೇಷ ಅನುಕೂಲವಿದೆ. ಬೇರೆ ಸಿಟ್ಟುಗಳು ಕಷಾಯವೆಂದು ನಮಗೆ ಗೊತ್ತಾಗುತ್ತದೆ. ಇದು ಮಾತ್ರ ಧರ್ಮದ ವೇಷದಲ್ಲಿ ಬಂದು ಮಾನಕಷಾಯವನ್ನು ಮನೆಯೊಳಗೆ ಕೂರಿಸಿ ಹೋಗುತ್ತದೆ.

1983ರಲ್ಲಿ ಒಂದು ಮದುವೆಯ ಮನೆಯಲ್ಲಿ ನಮ್ಮ ಹಳೆಯ ಒಕ್ಕಲೊಬ್ಬರು ಸಿಕ್ಕಿದರು. ಈಗ ಅವರು ಸ್ವಂತ ಗದ್ದೆಯ ಒಡೆಯರು. ಮಾತಿನ ನಡುವೆ ಅವರು ಹೇಳಿದ್ದು ಇದು: ನ್ಯಾಯಮಂಡಳಿಯ ಮುಂದೆ ಅವರ ಬಳಿ ತೋರಿಸಲು ಒಂದು ಚೂರು ಕಾಗದವಿರಲಿಲ್ಲ. ಬಾಯಿಮಾತಿನ ಚಾಲಗೇಣಿ, ರಶೀದಿ ಯಾರು ಕೊಡುತ್ತಿದ್ದರು, ಯಾರು ಕೇಳುತ್ತಿದ್ದರು? ಸುತ್ತಲಿನ ಕೆಲವು ಧಣಿಗಳು "ಇವನು ಕೂಲಿಯಾಳು, ಒಕ್ಕಲಲ್ಲ" ಎಂದು ಹೇಳಿಕೆ ಕೊಟ್ಟು ಭೂಮಿಯನ್ನು ಉಳಿಸಿಕೊಂಡಿದ್ದರು. ನನ್ನ ಮಾವನಿಗೂ ಹಾಗೆ ಹೇಳುವಂತೆ ಸಲಹೆ ಬಂದಿತ್ತು. ಆದರೆ ಅವರು ಮಂಡಳಿಯ ಮುಂದೆ ನಿಂತು, "ಇವನು ನನ್ನ ಒಕ್ಕಲು, ಇವನ ತಂದೆಯೂ ನಮ್ಮ ಒಕ್ಕಲಾಗಿದ್ದವನು, ಗೇಣಿಯನ್ನು ತಪ್ಪದೆ ಅಳೆದಿದ್ದಾನೆ" ಎಂದು ಬರೆಸಿದರಂತೆ. ಹೊರಗೆ ಬಂದ ಮೇಲೆ, "ಈ ಕಾನೂನು ಅನ್ಯಾಯದ್ದು. ನಿನ್ನ ಮುಖ ನೋಡಿಯೇ ಹೇಳುತ್ತೇನೆ. ಆದರೆ ಅದಕ್ಕಾಗಿ ನಾನು ಸುಳ್ಳು ಹೇಳಲಾರೆ" ಎಂದರಂತೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಅನೇಕಾಂತಕ್ಕೆ ಒಂದು ಮೇರೆಯಿದೆ, ಆ ಮೇರೆ ಇಲ್ಲಿಯೇ ಇದೆ. ಈ ಕಾನೂನು ನ್ಯಾಯವೋ ಅನ್ಯಾಯವೋ ಎಂಬುದರಲ್ಲಿ ನಯಗಳಿಗೆ ಅವಕಾಶವುಂಟು. ಈ ಮನುಷ್ಯ ಆ ಗದ್ದೆಯನ್ನು ಉಳುತ್ತಿದ್ದನೋ ಇಲ್ಲವೋ ಎಂಬುದರಲ್ಲಿ ಇಲ್ಲ. ಅಲ್ಲಿ ಇರುವುದು ಒಂದೇ ಉತ್ತರ, ಮತ್ತು ಸತ್ಯಾಣುವ್ರತ. ಸುಳ್ಳನ್ನು 'ಇದು ನನ್ನ ಅಭಿಪ್ರಾಯ' ಎಂದು ಕರೆದು ಸಹಿಷ್ಣುತೆಯನ್ನು ಬೇಡುವ ಪದ್ಧತಿ ಈಚೆಗೆ ಎಲ್ಲ ಪಕ್ಷಗಳಲ್ಲಿಯೂ ಹೆಚ್ಚುತ್ತಿದೆ. ನಡೆದುದನ್ನು ನಡೆಯಲಿಲ್ಲವೆನ್ನುವುದು, ಆಡದ ಮಾತನ್ನು ಆಡಿದರೆನ್ನುವುದು, ಒಂದು ಜನಸಮೂಹವನ್ನೇ ಬದುಕಲು ಅನರ್ಹರೆಂದು ಸಾರುವುದು, ಇವು ನಯಗಳಲ್ಲ. ಮೊದಲೆರಡು ಅಸತ್ಯ, ಮೂರನೆಯದು ಹಿಂಸೆಯ ಸಂಕಲ್ಪ. ಇವುಗಳ ಮುಂದೆ ಮೌನವಾಗಿರುವವನನ್ನು ಉದಾರಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ನಮ್ಮ ಮಾವ ತಮಗೆ ಸಿಟ್ಟು ಬರಿಸಿದ ಕಾನೂನಿನ ಎದುರು ನಿಂತು ಈ ಎರಡನ್ನೂ ಬೇರ್ಪಡಿಸಿದ್ದರು. ಅಭಿಪ್ರಾಯವನ್ನು ಬಿಡಲಿಲ್ಲ, ಸತ್ಯವನ್ನು ಬಿಡಲಿಲ್ಲ. ಗದ್ದೆಯನ್ನು ಬಿಟ್ಟರು. ನಾನಾದರೋ ಅವರ ಒಂದು ಅಭಿಪ್ರಾಯವನ್ನು ಹಿಡಿದು ಇಡೀ ಮನುಷ್ಯನನ್ನೇ ಅಳೆದು ಮುಗಿಸಿದ್ದೆ. ಭೂಮಿಯ ಪ್ರಶ್ನೆಯಲ್ಲಿ ನನ್ನ ನಯ ಸರಿಯಿದ್ದಿರಬಹುದು. ಮನುಷ್ಯನ ಪ್ರಶ್ನೆಯಲ್ಲಿ ಅದು ಪೂರ್ತಿ ದುರ್ನಯವಾಗಿತ್ತು.

ಆ ವರ್ಷದ ಕ್ಷಮಾವಣಿಗೆ ಕಾರ್ಡು ಕಳುಹಿಸದೆ ನಾನೇ ಹೋದೆ. ಚಾವಡಿಯಲ್ಲಿ ಕುಳಿತಿದ್ದ ಮಾವ ಕನ್ನಡಕವನ್ನು ಹಣೆಗೇರಿಸಿ ನೋಡಿ, "ಕ್ಷಮೆ ಕೇಳಲು ಬಂದೆಯೋ, ವಾದ ಮಾಡಲು ಬಂದೆಯೋ?" ಎಂದರು. "ಎರಡಕ್ಕೂ" ಎಂದೆ. "ಹಾಗಾದರೆ ಹೊತ್ತು ಮುಳುಗುವ ಮೊದಲು ಊಟ ಮುಗಿಸು. ವಾದವನ್ನು ರಾತ್ರಿಯೂ ಮಾಡಬಹುದು" ಎಂದರು.

ಆ ರಾತ್ರಿ ಮಾತಾಡಿದೆವು. ಅವರು ಹೇಳಿದವುಗಳಲ್ಲಿ ಎರಡು ಸಂಗತಿಗಳು ನನಗೆ ಆ ತನಕ ಹೊಳೆದೇ ಇರಲಿಲ್ಲ. ನಮ್ಮ ಊರಿನ ವಿಧವೆಯೊಬ್ಬರಿಗೆ ಇದ್ದುದು ಸಣ್ಣದೊಂದು ಗದ್ದೆ. ಸ್ವತಃ ಉಳಲಾರದೆ ಗೇಣಿಗೆ ಕೊಟ್ಟಿದ್ದರು, ಅದೂ ಹೋಯಿತು. ನೂರಾರು ಎಕರೆಯ ಬೀಡನ್ನೂ ಆ ತಾಯಿಯ ತುಂಡು ಗದ್ದೆಯನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡಿತ್ತು. ಇನ್ನೊಂದು, ಬಸದಿಯ ನಿತ್ಯಪೂಜೆಗೂ ಇಂದ್ರರ ಮನೆಯ ಊಟಕ್ಕೂ ಅಕ್ಕಿ ಬರುತ್ತಿದ್ದುದು ಯಾವ ಗದ್ದೆಗಳಿಂದ ಎಂಬುದನ್ನು ನಾನು ಎಂದೂ ಕೇಳಿರಲಿಲ್ಲ. ಗೇಣಿಯ ಬದಲಿಗೆ ಸಿಗುವ ಹಣದಲ್ಲಿ ದೀಪದ ಎಣ್ಣೆಯೂ ಪೂರೈಸುವುದಿಲ್ಲ ಎಂದು ಮಾವ ಲೆಕ್ಕದ ಪುಸ್ತಕ ತೆರೆದು ತೋರಿಸಿದರು.

ನನ್ನ ಸರದಿ ಬಂದಾಗ ನಾನು ಘೋಷಣೆಗಳನ್ನು ಬಿಟ್ಟು ಒಂದೇ ಒಂದು ವಿಷಯ ಹೇಳಿದೆ. ಮದುವೆಮನೆಯಲ್ಲಿ ಸಿಕ್ಕ ಆ ಒಕ್ಕಲಿನ ಮನೆಯ ಹಿತ್ತಿಲಿನಲ್ಲಿ ಈಗ ತೆಂಗಿನ ಸಸಿಗಳಿವೆ. ಅವರ ತಂದೆಯ ಕಾಲದಲ್ಲಿ ಒಂದನ್ನೂ ನೆಟ್ಟಿರಲಿಲ್ಲ. ಏಕೆಂದರೆ ಚಾಲಗೇಣಿಯ ಒಕ್ಕಲನ್ನು ಯಾವ ವರ್ಷ ಬೇಕಾದರೂ ಎಬ್ಬಿಸಬಹುದಾಗಿತ್ತು. ಫಲ ಬರುವ ಹೊತ್ತಿಗೆ ತಾನು ಅಲ್ಲಿರುತ್ತೇನೆಂಬ ಭರವಸೆ ಇಲ್ಲದವನು ತೆಂಗು ನೆಡುವುದಿಲ್ಲ. "ನೀವು ಯಾರನ್ನೂ ಎಬ್ಬಿಸಿದವರಲ್ಲ, ಒಪ್ಪಿದೆ. ಆದರೆ ಎಬ್ಬಿಸುವುದಿಲ್ಲವೆಂದು ಅವರಿಗೆ ಹೇಗೆ ಗೊತ್ತು ಮಾವ?" ಎಂದೆ. ಮಾವ ಬಹಳ ಹೊತ್ತು ಸುಮ್ಮನಿದ್ದು, "ಅದನ್ನು ನಾನು ಯೋಚಿಸಿರಲಿಲ್ಲ" ಎಂದರು.

ಅಭಿಪ್ರಾಯವನ್ನೇನೂ ಅವರು ಬದಲಿಸಿಕೊಳ್ಳಲಿಲ್ಲ. ನಾನೂ ಬದಲಿಸಿಕೊಳ್ಳಲಿಲ್ಲ. ಆ ಕಾನೂನು ಒಟ್ಟಿನಲ್ಲಿ ನ್ಯಾಯವಾದುದೆಂದು ಇಂದಿಗೂ ನನ್ನ ನಂಬಿಕೆ. ಆದರೆ ಈಗ ಹಾಗೆನ್ನುವಾಗ ಆ ವಿಧವೆಯ ಗದ್ದೆ ಕಣ್ಣ ಮುಂದೆ ಬರುತ್ತದೆ, ಮಾತಿನ ಜತೆ ಅದೂ ಸೇರಿಕೊಳ್ಳುತ್ತದೆ. ಮಾವನೂ ಆ ಬಳಿಕ ಕಾನೂನನ್ನು ಬೈಯುವಾಗ, "ತೆಂಗಿನ ಸಸಿಯ ವಿಷಯ ಬೇರೆ" ಎಂಬ ಒಂದು ವಾಕ್ಯವನ್ನು ತಪ್ಪದೆ ಸೇರಿಸುತ್ತಿದ್ದರು. ಸ್ಯಾತ್ ಪದದ ಅರ್ಥವನ್ನು ನಾನು ಯಾವ ಟೀಕೆಯಲ್ಲಿಯೂ ಇಷ್ಟು ಸ್ಪಷ್ಟವಾಗಿ ಓದಿರಲಿಲ್ಲ. ಗಾಂಧೀಜಿಯವರು 1926ರಲ್ಲಿ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅನೇಕಾಂತವನ್ನು ಮೆಚ್ಚಿ ಬರೆದಾಗ ಇಂತಹುದೇ ಅನುಭವವನ್ನು ಹೇಳಿಕೊಂಡಿದ್ದಾರೆ. ತಮ್ಮ ದೃಷ್ಟಿಯಿಂದ ತಾವು ಯಾವಾಗಲೂ ಸರಿಯೆಂದು ಕಾಣುತ್ತೇವೆ, ಪ್ರಾಮಾಣಿಕ ಟೀಕಾಕಾರರ ದೃಷ್ಟಿಯಿಂದ ಎಷ್ಟೋ ಸಲ ತಪ್ಪಾಗಿರುತ್ತೇವೆ. ಇದನ್ನರಿತ ಮೇಲೆ ವಿರೋಧಿಯನ್ನು ಅವನ ನೆಲೆಯಿಂದಲೇ ನೋಡುವುದನ್ನು ಕಲಿತೆ ಎಂಬ ಅರ್ಥದ ಮಾತದು.

ಎದುರು ಪಕ್ಷವನ್ನು ಅದರ ನೆಲೆಯಿಂದ ನೋಡುವ ಶಿಸ್ತು ನಮ್ಮ ಪರಂಪರೆಗೆ ಹೊಸದಲ್ಲ. ಹರಿಭದ್ರಸೂರಿಗಳ ಷಡ್ದರ್ಶನಸಮುಚ್ಚಯ ಬೌದ್ಧ, ನ್ಯಾಯ, ಸಾಂಖ್ಯಾದಿ ಅನ್ಯದರ್ಶನಗಳನ್ನು ಖಂಡಿಸುವ ಆತುರವಿಲ್ಲದೆ ಅವು ಇರುವಂತೆಯೇ ತಿಳಿಸಿಕೊಡುತ್ತದೆ. ಅಕಲಂಕರಂತಹ ವಾದಿಗಳೂ ಪೂರ್ವಪಕ್ಷವನ್ನು ಮುಂದಿಟ್ಟುಕೊಂಡೇ ಉತ್ತರ ಹೇಳಿದವರು. ಇಂದು ನಮ್ಮ ಮನೆಗಳಲ್ಲಿ ನಡೆಯುವ ರಾಜಕೀಯ ಚರ್ಚೆಯಲ್ಲಿ ಪೂರ್ವಪಕ್ಷವೆಂಬುದೇ ಇಲ್ಲ, ಎಲ್ಲವೂ ಉತ್ತರಪಕ್ಷ! ಎದುರಿನವನ ಮಾತನ್ನು ಅವನು "ಹೌದು, ನಾನು ಹೇಳುವುದು ಇದನ್ನೇ" ಎಂದು ಒಪ್ಪುವಂತೆ ಒಮ್ಮೆ ಹೇಳಿ, ಅನಂತರ ಖಂಡಿಸಲು ಪ್ರಯತ್ನಿಸಿ ನೋಡಿ. ಅರ್ಧ ಜಗಳಗಳು ಅಲ್ಲಿಯೇ ನಿಲ್ಲುತ್ತವೆ. ಉಳಿದರ್ಧ ನಿಜವಾದ ಭಿನ್ನಾಭಿಪ್ರಾಯಗಳು, ಅವು ಉಳಿಯಲಿ.

ಉಳಿದ ಭಿನ್ನಾಭಿಪ್ರಾಯದೊಡನೆ ಹೇಗೆ ಬಾಳಬೇಕು? ಇದಕ್ಕೆ ಶ್ರವಣಬೆಳಗೊಳದ ಒಂದು ಶಾಸನ ನೆನಪಾಗುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದು, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಎತ್ತಿಹಿಡಿದನು. ಇಷ್ಟನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಶಾಸನದ ಮುಂದಿನ ಭಾಗ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು; ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು; ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಕೆಲಸವನ್ನು ವಹಿಸಿಕೊಟ್ಟದ್ದು ತಿರುಮಲೆಯ ತಾತಯ್ಯನಿಗೆ, ಒಬ್ಬ ಶ್ರೀವೈಷ್ಣವನಿಗೆ! ಅರಸನ ಆಜ್ಞೆಯ ಬಲ ಹಿಂದಿತ್ತೆಂಬುದು ನಿಜ, ಎಲ್ಲವೂ ಪ್ರೀತಿಯಿಂದಲೇ ನಡೆಯಿತೆಂದು ನಾನು ಹೇಳಲಾರೆ. ಆದರೂ ನಿನ್ನೆಯವರೆಗಿನ ಎದುರಾಳಿಯ ಕೈಗೆ ನಮ್ಮ ಹಣವನ್ನೂ ನಮ್ಮ ದೇವರ ಕಾವಲನ್ನೂ ಕೊಡುವ ಆ ಏರ್ಪಾಡಿನಲ್ಲಿ ತತ್ತ್ವಚರ್ಚೆಯಿಂದ ಆಗದ ಒಂದು ಕೆಲಸ ಅಡಗಿದೆ.

ಮಾವನಿಗೆ ಈ ಶಾಸನ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಬಸದಿಯ ಮಾಡಿನ ದುರಸ್ತಿಗೆ ಕೈಹಾಕಿದಾಗ ಆಡಳಿತ ಮೊಕ್ತೇಸರರಾಗಿದ್ದ ಅವರು ಲೆಕ್ಕ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಸಮಿತಿಯಲ್ಲಿ ಗೊಣಗಾಟವಾಯಿತು. ನನ್ನ ರಾಜಕೀಯ ಎಲ್ಲರಿಗೂ ಗೊತ್ತಿತ್ತು. "ನನ್ನ ಲೆಕ್ಕವನ್ನು ನನ್ನನ್ನು ಒಪ್ಪುವವನೇ ಬರೆದರೆ ಊರವರು ಏಕೆ ನಂಬಬೇಕು?" ಎಂದು ಮಾವ ಕೇಳಿದರು. ಮೂರು ವರ್ಷ ಬರೆದೆ. ಎರಡು ಕಡೆ ಅವರ ಖರ್ಚನ್ನು ಪ್ರಶ್ನಿಸಿದೆ. ಒಂದನ್ನು ಸಮರ್ಥಿಸಿಕೊಂಡರು, ಇನ್ನೊಂದನ್ನು ಕೈಯಿಂದ ತುಂಬಿದರು. ಹೆಂಚು, ಮರ, ತಾಮ್ರ ಎಂದು ಊರೂರು ಅಲೆಯುವಾಗ ಬಸ್ಸಿನಲ್ಲಿ ನಾವು ಆಡದ ರಾಜಕೀಯವಿಲ್ಲ.

ನಮ್ಮ ಬಸದಿಗಳ ಆಡಳಿತ ಸಮಿತಿಗಳಲ್ಲಿ ಒಂದೇ ಪಕ್ಷದವರು ತುಂಬಿಕೊಳ್ಳುವುದನ್ನು ಈಗ ಅಲ್ಲಲ್ಲಿ ಕಾಣುತ್ತೇನೆ. ಪಂಚಕಲ್ಯಾಣಕ್ಕೆ ಯಾವ ನಾಯಕರನ್ನು ಕರೆಯಬೇಕೆಂಬುದರ ಮೇಲೆ ಸಮಿತಿ ಎರಡಾಗುವುದನ್ನೂ ಕೇಳಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂದು ಮಾತ್ರ ಕೇಳುತ್ತೇನೆ.

1983ರ ಬಳಿಕ ಬಂದ ಚುನಾವಣೆಗಳಲ್ಲಿ ಮತದಾನದ ದಿನ ನಾನು ಊರಿಗೆ ಹೋಗುವುದು ರೂಢಿಯಾಯಿತು. ಮಾವನೂ ನಾನೂ ಒಟ್ಟಿಗೆ ಶಾಲೆಯ ಮತಗಟ್ಟೆಗೆ ನಡೆಯುತ್ತಿದ್ದೆವು. ಅವರು ಒಬ್ಬರಿಗೆ, ನಾನು ಇನ್ನೊಬ್ಬರಿಗೆ. 1996ರ ಲೋಕಸಭಾ ಚುನಾವಣೆ ಅವರ ಕೊನೆಯದು. ಉರಿಬಿಸಿಲು, ಅವರಿಗೆ ಮಂಡಿನೋವು. ನಾನು ಕೊಡೆ ಹಿಡಿದಿದ್ದೆ, ಅವರು ನನ್ನ ಭುಜದ ಮೇಲೆ ಕೈಯಿಟ್ಟು ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಅರ್ಧ ದಾರಿಯಲ್ಲಿ ಕಟ್ಟೆಯೊಂದರ ಮೇಲೆ ಕುಳಿತು ಉಸಿರು ತೆಗೆದುಕೊಂಡರು. "ನೀನು ನನ್ನನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗುತ್ತೀ. ಅಲ್ಲಿ ನಿನ್ನ ವೋಟನ್ನು ನನ್ನ ವೋಟು ಹೊಡೆದುಹಾಕುತ್ತದೆ. ಇಬ್ಬರೂ ಮನೆಯಲ್ಲಿಯೇ ಕುಳಿತಿದ್ದರೆ ಲೆಕ್ಕ ಒಂದೇ ಆಗುತ್ತಿತ್ತು, ನನ್ನ ಮಂಡಿಯಾದರೂ ಉಳಿಯುತ್ತಿತ್ತು" ಎಂದು ನಕ್ಕರು.

"ಹಾಗಾದರೆ ಹಿಂದಿರುಗೋಣವೇ ಮಾವ?" ಎಂದೆ.

"ಛೆ, ಏಳು, ಹೊತ್ತಾಯಿತು" ಎಂದು ಅವರೇ ಮೊದಲು ಎದ್ದರು.